ಹವಾಲ್ದಾರ್ ಗಿರಣಿಯ ಡಬ್ಬಿ ಸಾಲು

ಬಿಟಿಎಂ ಬಡಾವಣೆಯ ತಾವರೆಕೆರೆ ಕಡೆಯ ಆ ಗಲ್ಲಿಗೆ ಹಾಲಿನವನು ಇನ್ನೂ ಬಂದಿಲ್ಲ. ಅಷ್ಟರಲ್ಲೇ ಗಿರಣಿಯ ಶಟರು ಗರಗರ ಸದ್ದು ಮಾಡುತ್ತ ಮೇಲೇರುತ್ತದೆ. ತಂಗೆವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮೋಟರಿಗೆ ಕೈಮುಗಿದು, ಬೆಲ್ಟನ್ನು ಒಮ್ಮೆ ಒತ್ತಿ ನೋಡಿ, ಆಮೇಲೆ ಹೊರಗೆ ಇಣುಕುತ್ತಾರೆ. ಗೋಡೆಗುಂಟ ಡಬ್ಬಿಗಳು ಸಾಲಾಗಿ ನಿಂತಿವೆ. ಬಿಸ್ಕತ್ತಿನ ಹಳೆಯ ತಗಡಿನ ಡಬ್ಬ, ಮುಚ್ಚಳ ಕಳೆದುಕೊಂಡ ಪ್ಲಾಸ್ಟಿಕ್ ಬಕೆಟ್ಟು, ಬಾಯಿಗೆ ಹುರಿ ಬಿಗಿದ ಜೋಳದ ಚೀಲ. ಜನ ಮಾತ್ರ ಒಬ್ಬರೂ ಇಲ್ಲ.

"ಜನ ಯಾಕ್ ನಿಂದರಬೇಕ್ರಿ? ಡಬ್ಬಿ ನಿಂತ್ರ ಮನಶ್ಯಾ ನಿಂತಂಗ. ನಮ್ಮ ಮನಿಯವ್ರು ಹಾಕಿಟ್ಟ ರೂಢಿ ಇದು" ಎನ್ನುತ್ತ ತಂಗೆವ್ವ ಮೊದಲ ಚೀಲದ ಹುರಿ ಬಿಚ್ಚುತ್ತಾರೆ.

'ಮನಿಯವ್ರು' ಅಂದರೆ ಹವಾಲ್ದಾರ್ ಭೀಮಪ್ಪ. ಕಳೆದ ದೀಪಾವಳಿ ಮುಗಿದ ಮರುವಾರ ಎದೆನೋವು ಬಂದು ಹೋಗಿಬಿಟ್ಟರು. ಗಿರಣಿಗೆ ಒಂದು ಬೋರ್ಡು ಹಾಕಿಸಿದವರಲ್ಲ, ಪತ್ರಿಕೆಯಲ್ಲಿ ಫೋಟೋ ಬಂದವರೂ ಅಲ್ಲ. ಆದರೂ ತಾವರೆಕೆರೆಯಿಂದ ತಿಲಕ್ ನಗರದವರೆಗೆ ಯಾರನ್ನೇ ಕೇಳಿ, ಹವಾಲ್ದಾರ್ ಗಿರಣಿ ಎಲ್ಲಿ ಅಂದರೆ ಕೈ ಮಾಡಿ ತೋರಿಸುತ್ತಾರೆ.

ಭೀಮಪ್ಪ ಗಜೇಂದ್ರಗಡದವರು. ಅಪ್ಪ ಸೀರೆ ನೇಯುತ್ತಿದ್ದ ಮನೆ, ಐದು ಮಕ್ಕಳು, ಇದ್ದುದು ಒಂದೇ ಮಗ್ಗ. ಮೀಸೆ ಸರಿಯಾಗಿ ಮೂಡುವ ಮೊದಲೇ ಬೆಳಗಾವಿಗೆ ಹೋಗಿ ಸೇನೆ ಸೇರಿದರು. ಬಂದೂಕಿಗಿಂತ ಹೆಚ್ಚಾಗಿ ಅವರ ಕೈ ಸೇರಿದ್ದು ನಟ್ಟು ಬಿಗಿಯುವ ಪಾನಾ. ಲಾರಿ, ಜೀಪುಗಳ ದುರಸ್ತಿಯ ಕೆಲಸ. ಎಪ್ಪತ್ತೊಂದರ ಯುದ್ಧದಲ್ಲಿ ರಾಜಸ್ಥಾನದ ಮರಳಿನಲ್ಲಿದ್ದರು. ಆ ಕಥೆ ಕೇಳಬೇಕೆಂದು ಹತ್ತಿರ ಕೂತವರಿಗೆಲ್ಲ ಅವರಿಂದ ಸಿಗುತ್ತಿದ್ದುದು ಒಂದೇ ಉತ್ತರ.

"'ಯುದ್ಧದಾಗ ಏನ್ ಮಾಡಿದ್ರಿ' ಅಂತ ಕೇಳಿದ್ರ 'ಬೋಲ್ಟ್ ಬಿಗಿ ಮಾಡೇನಿ' ಅಂತಿದ್ರು. ಅಷ್ಟ!" ತಂಗೆವ್ವ ನಗುತ್ತಾರೆ. "ಮದುವಿ ಆದ ಹೊಸತ್ರಾಗ ನಾನೂ ಭಾಳ ಕಾಡೇನ್ರಿ. ಬಾಯಿ ಬಿಟ್ಟಿದ್ದು ನೀರಿನ ಕಥಿಗೆ ಒಂದಕ್ಕ."

ಆ ನೀರಿನ ಕಥೆ ಇಷ್ಟೇ. ಮರಳುಗಾಡಿನ ಶಿಬಿರಕ್ಕೆ ನೀರಿನ ಟ್ಯಾಂಕರ್ ಬರುವ ಹೊತ್ತಿಗೆ ಸೈನಿಕರು ತಮ್ಮ ತಮ್ಮ ನೀರಿನ ಮಗ್ಗುಗಳನ್ನು ಸಾಲಾಗಿಟ್ಟು ಮತ್ತೆ ಕೆಲಸಕ್ಕೆ ಹೋಗುತ್ತಿದ್ದರು. ಒಬ್ಬರ ಮಗ್ಗನ್ನು ಇನ್ನೊಬ್ಬರು ಸರಿಸುವಂತಿರಲಿಲ್ಲ. ಒಂದು ದಿನ ಯಾರೋ ದೊಡ್ಡವರ ಕಡೆಯ ಪಾತ್ರೆಗಳು ಮುಂದೆ ಬಂದವು. ಕೊನೆಯಲ್ಲಿದ್ದುದು ಭೀಮಪ್ಪನ ಮಗ್ಗು. ಅವರ ಸರದಿ ಬಂದಾಗ ಟ್ಯಾಂಕರ್ ಖಾಲಿ. ಇಡೀ ದಿನ ಒಣಗಿದ ನಾಲಿಗೆಯಲ್ಲೇ ಎಂಜಿನ್ನಿನ ಕೆಳಗೆ ಮಲಗಿ ಕೆಲಸ ಮಾಡಿದರು. ಅದನ್ನು ಅವರು ಸಾಯುವವರೆಗೂ ಮರೆಯಲಿಲ್ಲ.

ಪಿಂಚಣಿ ಪಡೆದು ಊರಿಗೆ ಬಂದು ಕೆಲವು ವರ್ಷ ಸೈಕಲ್ ರಿಪೇರಿ ಮಾಡಿದರು. ಹೊಟ್ಟೆ ತುಂಬಲಿಲ್ಲ. ತೊಂಬತ್ತರ ದಶಕದ ಶುರುವಿನಲ್ಲಿ ಹೆಂಡತಿ, ಪುಟ್ಟ ಮಗಳು ಶ್ವೇತಾಳನ್ನು ಕಟ್ಟಿಕೊಂಡು ಬೆಂಗಳೂರಿಗೆ ಬಂದು, ಬೊಮ್ಮನಹಳ್ಳಿಯ ಒಂದು ಗಾರ್ಮೆಂಟ್ಸ್ ಗೇಟಿನಲ್ಲಿ ಕಾವಲಿಗೆ ನಿಂತರು. ಅಲ್ಲಿ ಕೆಲಸಕ್ಕೆ ಬರುತ್ತಿದ್ದ ಉತ್ತರ ಕರ್ನಾಟಕದ ಹೆಣ್ಣುಮಕ್ಕಳದು ದಿನಾ ಒಂದೇ ಗೋಳು: ಊರಿಂದ ತಂದ ಜೋಳ ಇಲ್ಲಿ ಬೀಸಿಸಿದರೆ ರೊಟ್ಟಿ ಬಡಿಯಲಾಗದು, ಹರಿಯುತ್ತದೆ. ಭೀಮಪ್ಪನ ತಲೆಯಲ್ಲಿ ಗಿರಣಿ ತಿರುಗತೊಡಗಿದ್ದು ಆಗಲೇ. ಯಾರೋ ಮೂಲೆಗೆ ಬಿಸಾಕಿದ್ದ ಎರಡು ಮಿಷನ್ನು ತಂದು, ತಾವೇ ಬಿಚ್ಚಿ, ತಾವೇ ಜೋಡಿಸಿ, ಚಿಕ್ಕಬೈರಪ್ಪನವರ ಕಟ್ಟಡದ ಕೆಳಗಿನ ಮಳಿಗೆಯಲ್ಲಿ ಕೂರಿಸಿದರು. ಜೋಳ, ಗೋಧಿಗೆ ಒಂದು ಕಲ್ಲು, ರಾಗಿಗೆ ಇನ್ನೊಂದು. ಸಾಲು ಮಾತ್ರ ಒಂದೇ.

"ಹಿಟ್ಟು ಕೈಗೆ ಬೆಚ್ಚಗ ಇರಬೇಕ್ರಿ, ಸುಡಬಾರದು. ಸುಟ್ರ ಜಿಗಿ ಹೋತು, ಹಿಟ್ಟು ಅಂಟಂಗಿಲ್ಲ, ರೊಟ್ಟಿ ಕೆಟ್ಟಂಗ" ಎನ್ನುವ ತಂಗೆವ್ವ, ಕೊಳವೆಯಿಂದ ಬೀಳುವ ಹಿಟ್ಟಿಗೆ ಅಂಗೈಯ ಹಿಂಬದಿ ಒಡ್ಡುತ್ತಾರೆ. ಗಂಡನೂ ಹೀಗೆಯೇ ಒಡ್ಡುತ್ತಿದ್ದರಂತೆ.

ಈ ಚಿಕ್ಕಬೈರಪ್ಪನವರ ವಿಷಯ ಹೇಳಲೇಬೇಕು. ಬಡಾವಣೆ ಬರುವ ಮುಂಚೆ ಈಗಿನ ಗಿರಣಿಯ ಜಾಗದಲ್ಲೇ ರಾಗಿ ಬೆಳೆದವರು. ಈಗ ಮೂರು ಕಟ್ಟಡದ ಯಜಮಾನರು. ಗಿರಣಿ ಶುರುವಾದ ಹೊಸತರಲ್ಲಿ ಒಂದು ದಿನ ರಾಗಿ ಡಬ್ಬವನ್ನು ನೇರ ಮಿಷನ್ನಿನ ಮುಂದೆ ತಂದಿಟ್ಟರು. ಭೀಮಪ್ಪ ಅದನ್ನು ಮರ್ಯಾದೆಯಿಂದಲೇ ಎತ್ತಿಕೊಂಡು ಹೋಗಿ ಸಾಲಿನ ಕೊನೆಯಲ್ಲಿಟ್ಟರು.

"ಏನಯ್ಯಾ ಭೀಮಪ್ಪ, ನನ್ ಬಿಲ್ಡಿಂಗ್‌ನಾಗೆ ನಂಗೇ ಕ್ಯೂನಾ?"

"ಬಿಲ್ಡಿಂಗ್ ನಿಮ್ದ ಗೌಡ್ರ. ಪಾಳಿ ಡಬ್ಬಿದು."

ಗೌಡರಿಗೆ ಮೈಯೆಲ್ಲ ಉರಿದುಹೋಯಿತು. ಡಬ್ಬ ಎತ್ತಿಕೊಂಡು ಹೋದವರು ತಿಂಗಳುಗಟ್ಟಲೆ ಮಾತು ಬಿಟ್ಟರು, ರಾಗಿಯನ್ನು ಬೇರೆ ಗಿರಣಿಗೆ ಕಳಿಸಿದರು. ಕೊನೆಗೆ ಹೆಂಡತಿ ನಾರಾಯಣಮ್ಮನೇ ಮುದ್ದೆಯ ತಟ್ಟೆ ಮುಂದಿಟ್ಟು ಹೇಳಿದರಂತೆ: "ಜಗಳ ನಿಮ್ದು, ಆ ಗಿರಣಿ ಹಿಟ್ಟಲ್ಲಿ ಕಲ್ಲು ಕಡಿಯೋದು ಮನೆಯೋರೆಲ್ಲ. ನಾಳೆಯಿಂದ ಹವಾಲ್ದಾರ್ ಹತ್ರಾನೇ ಕಳಿಸ್ತೀನಿ." ಮಾರನೆಯ ದಿನ ಡಬ್ಬ ಬಂತು. ಸಾಲಿನ ಕೊನೆಯಲ್ಲೇ ಕೂತಿತು.

ಹೊರಗೆ ಇಷ್ಟು ಖಡಕ್ಕಾಗಿದ್ದ ಮನುಷ್ಯ ಮನೆಯೊಳಗೆ ಬೇರೆಯೇ. ಶ್ವೇತಾಳ ಎರಡು ಜಡೆ ಹಾಕುವ ಕೆಲಸ ಅಪ್ಪನದೇ ಆಗಿತ್ತು. ಬೆಳಗಿನ ಮೊದಲ ಸುತ್ತು ಬೀಸಿ, ಕೈ ಒರೆಸಿಕೊಳ್ಳುವುದನ್ನೂ ಮರೆತು ಜಡೆ ಹೆಣೆಯಲು ಕೂರುತ್ತಿದ್ದರು. "ಸ್ಕೂಲಲ್ಲಿ ಎಲ್ರೂ ನನ್ನ ಅಜ್ಜಿ ಅಜ್ಜಿ ಅಂತಿದ್ರು, ತಲೆ ತುಂಬಾ ಜೋಳದ ಹಿಟ್ಟು! ಜಡೆ ಮಾತ್ರ ಸಂಜೆ ತನಕ ಒಂಚೂರೂ ಸಡಿಲ ಆಗ್ತಿರ್ಲಿಲ್ಲ" ಎನ್ನುತ್ತಾಳೆ ಶ್ವೇತಾ. ಈಗ ಜಯನಗರದ ಒಂದು ಆಸ್ಪತ್ರೆಯಲ್ಲಿ ನರ್ಸು.

ಭೀಮಪ್ಪ ಹೋದ ಮೇಲೆ ಗಿರಣಿಯ ಗತಿ ಏನು ಎಂಬುದೇ ಎಲ್ಲರ ಪ್ರಶ್ನೆ. ದಿವಸದ ಕಾರ್ಯ ಮುಗಿದ ಮೇಲೆ ಚಿಕ್ಕಬೈರಪ್ಪನವರು ಬಂದು ಕೂತರು. "ನೋಡಮ್ಮ, ನನ್ ಮಗ ದೀಪಕ್ ಇಲ್ಲಿ ಮೊಬೈಲ್ ಅಂಗ್ಡಿ ಹಾಕ್ಬೇಕು ಅಂತವ್ನೆ. ನೀನು ಒಬ್ಳೇ ಈ ಮಿಷನ್ ನಡ್ಸೋಕಾಯ್ತದಾ? ಯುಗಾದಿವರ್ಗೂ ನೋಡಾಣ. ಆಮೇಲೆ ಒಂದು ಮಾತು ಹೇಳ್ತೀನಿ" ಎಂದು ಎದ್ದು ಹೋದರು.

ತಂಗೆವ್ವನಿಗೆ ಮಳಿಗೆ ಕೈತಪ್ಪುವ ಹೆದರಿಕೆ ಹತ್ತಿತು. ಶ್ವೇತಾ, "ಬಿಟ್ಟುಬಿಡವ್ವಾ, ನಾನು ದುಡೀತೀನಲ್ಲ" ಎಂದಳು. ತಂಗೆವ್ವ ಒಪ್ಪಲಿಲ್ಲ. "ಆ ಮಿಷನ್ನಿನ ಒಂದೊಂದು ನಟ್ಟಿಗೂ ಅವರ ಕೈ ಹತ್ತೈತ್ರಿ. ಅದನ್ನ ಗುಜರಿಗೆ ಹಾಕಿ ನಾ ಹೆಂಗ್ ಉಣ್ಣಲಿ?" ಎಂದು ಈಗಲೂ ಕೇಳುತ್ತಾರೆ.

ಆ ಹೆದರಿಕೆಯಲ್ಲೇ ಅವರಿಂದ ಒಂದು ತಪ್ಪು ನಡೆಯಿತು. ಗೌಡರ ಮನೆಯ ರಾಗಿ ಡಬ್ಬ ಬಂದ ದಿನ, ಮಳಿಗೆ ಉಳಿದರೆ ಸಾಕು ಎಂದುಕೊಂಡು, ಅದನ್ನು ಸಾಲಿನಿಂದ ಎತ್ತಿ ಎಲ್ಲರಿಗಿಂತ ಮೊದಲು ಬೀಸಿಬಿಟ್ಟರು. ಸಾಲಿನಲ್ಲಿ ಗಾರ್ಮೆಂಟ್ಸಿನ ರೇಣವ್ವನ ಗೋಧಿ ಚೀಲವೂ ಇತ್ತು. ಆ ದಿನ ಕರೆಂಟು ಹೋಗುವುದಕ್ಕೂ ರೇಣವ್ವನ ಪಾಳಿ ಬರುವುದಕ್ಕೂ ಸರಿಹೋಯಿತು. ರೇಣವ್ವ ತಂಗೆವ್ವನ ಮುಖವನ್ನು ಒಮ್ಮೆ ನೋಡಿ, ಬೀಸದ ಚೀಲ ಹೊತ್ತುಕೊಂಡು ಹೋದಳು.

ಸಂಜೆ ಚಿಕ್ಕಬೈರಪ್ಪನವರು ಬಂದರು. "ನಮ್ಮನೆ ಹಿಟ್ಟು ಇಷ್ಟು ಬೇಗ ಹೆಂಗಮ್ಮ ಬಂತು?"

"ನಿಮ್ದ ಮೊದಲ ಹಾಕಿದ್ನಿ ಗೌಡ್ರ."

"ಭೀಮಪ್ಪ ಇದ್ದಿದ್ರೆ ಹಾಕ್ತಿದ್ನಾ?" ಅಷ್ಟು ಕೇಳಿ, ಉತ್ತರಕ್ಕೂ ನಿಲ್ಲದೆ ಹೊರಟುಹೋದರು.

"ಕಪಾಳಕ್ಕ ಹೊಡದಂಗ ಆತ್ರಿ. ಶಟರ್ ಎಳದು ಒಳಗ ಕುಂತು ಅತ್ತಬಿಟ್ನಿ. ಅವರ ನೀರಿನ ಮಗ್ಗಿಗೆ ಆದದ್ದನ್ನ ನಾ ರೇಣವ್ವನ ಚೀಲಕ್ಕ ಮಾಡಿದ್ನೆಲ್ರಿ!" ಮರುದಿನ ತಂಗೆವ್ವ ತಾವೇ ರೇಣವ್ವನ ಖೋಲಿಗೆ ಹೋಗಿ ಚೀಲ ತಂದು, ಬೀಸಿ, ಹೊತ್ತೊಯ್ದು ಕೊಟ್ಟು ಬಂದರು. ಚೀಲ ಇಳಿಸಿಕೊಂಡ ರೇಣವ್ವ ಚಹಾ ಕುಡಿಸದೆ ಕಳಿಸಲಿಲ್ಲ.

ಯುಗಾದಿಯ ಹಿಂದಿನ ದಿನ ಬಂತು. ಹಬ್ಬದ ಹಿಟ್ಟಿಗಾಗಿ ಡಬ್ಬಿಗಳು ಗಲ್ಲಿಯ ತಿರುವಿನವರೆಗೂ ನಿಂತಿದ್ದವು. ಚಿಕ್ಕಬೈರಪ್ಪನವರು ಮಗ ದೀಪಕ್‌ನ ಜೊತೆ ಬಂದರು. ಕೈಯಲ್ಲಿ ಅದೇ ರಾಗಿ ಡಬ್ಬ. ಸಾಲಿನ ಕಡೆ ತಿರುಗಿಯೂ ನೋಡದೆ ಮಿಷನ್ನಿನ ಬಾಯಿಯ ಮುಂದೆಯೇ ಇಟ್ಟರು.

"ಹಬ್ಬ ಅಲ್ವಾ? ನಮ್ದು ಬೇಗ ಆಗ್ಬೇಕು ಕಣಮ್ಮ."

ಒಂದು ಮಾತಿಗೆ ಮಳಿಗೆ ಹೋಗುತ್ತದೆ ಎಂದು ತಂಗೆವ್ವನಿಗೆ ಗೊತ್ತಿತ್ತು. ಆದರೂ ಡಬ್ಬವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೊರಗೆ ಬಂದು, ಗೋಡೆಗುಂಟ ನಡೆದು, ಗಲ್ಲಿಯ ತಿರುವಿನಲ್ಲಿ ಎಲ್ಲ ಡಬ್ಬಿಗಳ ಹಿಂದೆ ಇಟ್ಟರು. ವಾಪಸು ಬಂದು ತಲೆ ತಗ್ಗಿಸಿಯೇ ಅಂದರು: "ಬಿಲ್ಡಿಂಗ್ ನಿಮ್ದ ಗೌಡ್ರ. ಪಾಳಿ ಡಬ್ಬಿದು."

"ಆಂಟಿ, ಏನಿದು? ಅಪ್ಪಂಗೇ ಹಿಂಗಾ?" ದೀಪಕ್ ದನಿ ಏರಿಸಿದ.

"ಸುಮ್ಕಿರಪ್ಪ ನೀನು." ಚಿಕ್ಕಬೈರಪ್ಪನವರು ಭೀಮಪ್ಪ ಕೂರುತ್ತಿದ್ದ ಮರದ ಸ್ಟೂಲನ್ನು ಎಳೆದುಕೊಂಡು ಕೂತರು. ಟವೆಲ್ಲಿನಿಂದ ಕಣ್ಣು ಒರೆಸಿಕೊಂಡರು, ಹಿಟ್ಟಿನ ಧೂಳು ಎಂದು ನೆಪ ಬೇರೆ ಹೇಳಿದರು. "ಮನೆಗೆ ಹೋಗು ಮಗಾ. ನನ್ ಪಾಳಿ ಬರೋಗಂಟ ಇಲ್ಲೇ ಕುಂತಿರ್ತೀನಿ. ಹಂಗೇ ನಿನ್ ಅಂಗ್ಡಿಗೆ ಬೇರೆ ಜಾಗ ನೋಡ್ಕೊ. ಇಲ್ಲಿ ಗಿರಣಿ ಐತೆ."

ಆಮೇಲೂ ಗಿರಣಿಯ ಕಷ್ಟ ಹಗುರಾಗಿಲ್ಲ. ಕರೆಂಟು ಹೇಳದೆ ಕೇಳದೆ ಹೋಗುತ್ತದೆ. ಪ್ಯಾಕೆಟ್ ಹಿಟ್ಟು ಎಲ್ಲ ಅಂಗಡಿಗೂ ಬಂದಿದೆ. ದಿನಕ್ಕೆ ಮೂವತ್ತೋ ನಲವತ್ತೋ ಡಬ್ಬಿ ಬಂದರೆ ಅದೇ ಹೆಚ್ಚು. ತಂಗೆವ್ವನ ತೋಳು ಸಂಜೆಯ ಹೊತ್ತಿಗೆ ಮೇಲೇಳುವುದಿಲ್ಲ. ಶ್ವೇತಾ ಡ್ಯೂಟಿ ಮುಗಿಸಿ ಬಂದು ಬಿಸಿನೀರಿನ ಶಾಖ ಕೊಡುತ್ತ ಬೈಯುತ್ತಾಳೆ. ತಾಯಿ ಬೈಸಿಕೊಂಡು, ಬೆಳಗಾಗುವ ಮೊದಲು ಮತ್ತೆ ಶಟರು ಎತ್ತುತ್ತಾರೆ.

ಇವತ್ತು ಚಿಕ್ಕಬೈರಪ್ಪನವರ ಡಬ್ಬ ಸಾಲಿನ ನಡುವೆಲ್ಲೋ ಇದೆ. ವಾಕಿಂಗ್ ಮುಗಿಸಿದ ಗೌಡರು ಸ್ಟೂಲಿನ ಮೇಲೆ ಕೂತು ಬರಿಗೋಡೆ ನೋಡುತ್ತ ಹೇಳುತ್ತಾರೆ: "ಇಲ್ಲೊಂದು ಬೋರ್ಡ್ ಹಾಕ್ಸಮ್ಮ. ಹವಾಲ್ದಾರ್ ಗಿರಣಿ ಅಂತ ದೊಡ್ಡದಾಗಿ ಬರೆಸ್ಬುಡು."

ತಂಗೆವ್ವ ಬೀಳುತ್ತಿರುವ ಹಿಟ್ಟಿಗೆ ಕೈ ಒಡ್ಡಿ, ಬಾಗಿಲಾಚೆ ನೋಡಿ ನಗುತ್ತಾರೆ.

"ಬೋರ್ಡ್ ಯಾಕ್ರಿ ಗೌಡ್ರ? ಆ ಡಬ್ಬಿ ಸಾಲು ನೋಡಿದ್ರ ಗೊತ್ತಾಗ್ತೈತೆಲ್ರಿ, ಇದು ಯಾರ ಗಿರಣಿ ಅಂತ."