ಖರಾಬಿಗೂ ಒಂದು ಅಳತೆ

ಚಂದ್ರಶೇಖರಪ್ಪನವರು ಮೂವತ್ತೆರಡು ವರ್ಷ ಸರ್ವೆ ಇಲಾಖೆಯಲ್ಲಿ ಸರಪಳಿ ಹಿಡಿದು ಹೊಲ ಅಳೆದವರು. ಸೊರಬ ತಾಲ್ಲೂಕಿನ ಉಳವಿ ಕಡೆ ಯಾವ ಗದ್ದೆಯ ಗಡಿಕಲ್ಲು ಎಲ್ಲಿದೆ ಎಂಬುದು ಗದ್ದೆಯ ಯಜಮಾನನಿಗಿಂತ ಅವರಿಗೇ ಚೆನ್ನಾಗಿ ಗೊತ್ತಿತ್ತು. ನಿವೃತ್ತರಾದ ಮೇಲೆ ಅಳೆಯಲು ಏನೂ ಉಳಿಯಲಿಲ್ಲ. ಮಗಳು ಗಂಗಾಶ್ರೀ ಶಿಕಾರಿಪುರದ ಬಸ್‌ಸ್ಟ್ಯಾಂಡ್ ಹತ್ತಿರ ವಿಡಿಯೋ ಗೇಮ್ ಅಂಗಡಿ ಇಟ್ಟಿದ್ದಳು. ಅದರ ಮೂಲೆಯಲ್ಲಿ ಕಬ್ಬಿಣದ ಕುರ್ಚಿ ಹಾಕಿಕೊಂಡು ದಿನವಿಡೀ ಪೇಪರ್ ಓದುತ್ತಿದ್ದರು. ಪಕ್ಕದ ಜೆರಾಕ್ಸ್ ಅಂಗಡಿ ನನ್ನದು, ಪೇಪರೂ ನನ್ನದೇ.

ಅಂಗಡಿ ಹತ್ತಡಿಗೆ ಎಂಟಡಿ. ಒಂದು ಟಿವಿ, ಅದಕ್ಕೆ ಜೋಡಿಸಿದ ಆಟದ ಯಂತ್ರ, ಅರ್ಜಿ ಟೈಪ್ ಮಾಡಿಕೊಡಲು ಒಂದು ಹಳೆಯ ಕಂಪ್ಯೂಟರು. ತೊಂಬತ್ತೊಂಬತ್ತರ ಬೇಸಿಗೆಯಲ್ಲಿ ಕಾಲೇಜಿನವರು ಹೆಚ್ಚಾದರು, ಕಾಯುವವರಿಗೆ ಬೆಂಚು ಬೇಕಾಯಿತು. ಇಲ್ಲಿ ಜಾಗ ಇಲ್ಲ, ನೀವು ಮನೆಯಲ್ಲೇ ಆರಾಮಾಗಿರಿ ಎಂದು ಗಂಗಾಶ್ರೀ ಅಪ್ಪನಿಗೆ ಹೇಳಿ, ಕುರ್ಚಿಯನ್ನು ನನ್ನಲ್ಲಿ ತಂದಿಟ್ಟಳು. ಅವರು ಪೇಪರ್ ಮಡಚಿ ನನ್ನ ಕೈಗೆ ಕೊಟ್ಟು ಹೋದರು, ಮರುದಿನದಿಂದ ಬರಲಿಲ್ಲ. ನನಗೆ ಬೇಜಾರಾಯಿತು. ಆದರೂ ಅಪ್ಪ ಮಗಳ ಮಧ್ಯೆ ಬಾಯಿ ಹಾಕುವಷ್ಟು ದಡ್ಡ ನಾನಲ್ಲ.

ಆ ಅಂಗಡಿ ನಡೆಯುತ್ತಿದ್ದುದೇ ಒಂದು ಕಾರ್ ರೇಸಿನ ಸಿಡಿಯಿಂದ. ಮುಂಬೈಯಿಂದ ಯಾರೋ ತಂದುಕೊಟ್ಟದ್ದು, ಎಷ್ಟು ಹುಡುಕಿಸಿದರೂ ಇನ್ನೊಂದು ಸಿಗಲಿಲ್ಲ. ಬಸ್‌ಸ್ಟ್ಯಾಂಡಿನ ಧೂಳಿಗೆ ಅದರ ಮೈಯೆಲ್ಲ ಗೀರು. ಅದು ನಿಂತರೆ ಅಂಗಡಿಯೂ ನಿಂತಂತೆ. ನಕಲು ಮಾಡಿಸೋಣವೆಂದು ಶಿವಮೊಗ್ಗಕ್ಕೆ ಒಯ್ದರೆ, ಸಿಡಿ ಬರೆಯುವ ಅಂಗಡಿಯವನು ಒಮ್ಮೆ ಹಾಕಿ ನೋಡಿ, ಓದುತ್ತಿಲ್ಲ ಎಂದು ಕೈತೊಳೆದುಕೊಂಡ. ಗಂಗಾಶ್ರೀ ಬಿಡಲಿಲ್ಲ. ತನ್ನ ಕಂಪ್ಯೂಟರಿಗೇ ಹಾಕಿ, ನಿಂತಲ್ಲಿಂದ ಮತ್ತೆ ಓದಿಸಿ ಓದಿಸಿ, ಐದು ದಿನ ಇಳಿಸಿದಳು.

ಕಂಪ್ಯೂಟರಿನಲ್ಲಿ ಅಷ್ಟು ಜಾಗವಿರಲಿಲ್ಲ. ನೋಡಿದರೆ ಸಿಡಿಯ ಅರ್ಧದಷ್ಟನ್ನು ಒಂದೇ ಫೈಲು ನುಂಗಿತ್ತು, ಅದರೊಳಗೆ ಬರೀ ಸೊನ್ನೆ. ಜೊಳ್ಳನ್ನು ಯಾರು ಚೀಲಕ್ಕೆ ತುಂಬುತ್ತಾರೆ? ಅವಳು ಅದನ್ನು ಬಿಟ್ಟು ಉಳಿದದ್ದನ್ನು ಇಳಿಸಿಕೊಂಡಳು. ಮುಗಿಯುವ ಹೊತ್ತಿಗೆ ಮೂಲ ಸಿಡಿ ಪೂರ್ತಿ ಕೈಕೊಟ್ಟಿತ್ತು. ಕಂಪ್ಯೂಟರಿನ ಡಬ್ಬವನ್ನು ಕಂಬಳಿಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಶಿವಮೊಗ್ಗದ ಬಸ್ ಹತ್ತಿ, ಹೊಸ ಸಿಡಿ ಬರೆಸಿಕೊಂಡು ಬಂದಳು. ಅಂಗಡಿಯಲ್ಲಿ ಹಾಕಿದರೆ ಕಂಪನಿಯ ಹೆಸರು ಬಂತು, ಆಮೇಲೆ ಪರದೆ ಕಪ್ಪಾಯಿತು. ಹತ್ತು ಸಲ ಹಾಕಿದರೂ ಅಷ್ಟೇ.

ಮಧ್ಯಾಹ್ನ ಮನೆಗೆ ಹೋದವಳು ಊಟ ಮುಟ್ಟಲಿಲ್ಲವಂತೆ. ಯಾಕೆಂದು ಅಪ್ಪ ಕೇಳಿದರು. ತಿಂಗಳಿಂದ ಅವರಾಗಿ ಕೇಳಿದ ಮೊದಲ ಮಾತು ಅದು. ಅವಳು ಎಲ್ಲ ಹೇಳಿದಳು. ಅವರು, ಯಂತ್ರ ಸಿಡಿಯೊಳಗೆ ಬೇಕಾದ್ದನ್ನು ಹುಡುಕುವುದು ಹೆಸರು ಹಿಡಿದೋ ಅಳತೆ ಹಿಡಿದೋ ಎಂದರು. ಗಂಗಾಶ್ರೀ ಯೋಚಿಸಿ, ಇಂಥದ್ದು ಮೊದಲಿನಿಂದ ಇಷ್ಟನೇ ಮನೆಯಲ್ಲಿದೆ ಎಂದು ಎಣಿಸಿ ಹೋಗುತ್ತಿರಬೇಕು ಎಂದಳು.

"ಹಂಗಾರೆ ಅದು ಜೊಳ್ಳಲ್ಲವ್ವ, ಖರಾಬು," ಎಂದರು ಚಂದ್ರಶೇಖರಪ್ಪ. "ಹಳ್ಳ, ಬಂಡೆ, ಬೆಳೆ ಬರ್ದಿರೋ ಜಾಗ. ಬೆಳೆ ಬರಲ್ಲ ಅಂತ ಅದನ್ನ ಅಳತಿಯಿಂದ ಬಿಟ್ರೆ, ಮುಂದಿನ ಕಲ್ಲೆಲ್ಲ ಜರುಗಿಬಿಡ್ತಾವೆ. ಅದನ್ನ ಹೊತ್ಕೊಂಡು ತಿರುಗಬ್ಯಾಡ. ಇಂಥಲ್ಲಿ ಇಷ್ಟು ಖರಾಬು ಐತಿ ಅಂತ ಬರಕೊಂಡ್ರೆ ಸಾಕು."

ಅವಳು ಆಗ ಊಟ ಮಾಡಿದಳು. ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿತದ್ದನ್ನು ನೆನೆದು, ಎರಡು ದಿನ ಕೂತು ಒಂದು ಸಣ್ಣ ಪ್ರೋಗ್ರಾಂ ಬರೆದಳು. ಸೊನ್ನೆಗಳನ್ನು ಇಡುವ ಬದಲು, ಅವು ಎಲ್ಲಿಂದ ಶುರು, ಎಷ್ಟು ಉದ್ದ ಎಂದು, ಮೊದಲೇ ಇಳಿಸಿಕೊಂಡಿದ್ದ ಸಿಡಿಯ ಫೈಲುಗಳ ಪಟ್ಟಿ ನೋಡಿ ಅದು ಗುರುತಿಡುತ್ತದೆ. ಬರೆಸುವಾಗ ಶಿವಮೊಗ್ಗದ ದೊಡ್ಡ ಕಂಪ್ಯೂಟರಿನಲ್ಲಿ ಅಷ್ಟೇ ಸೊನ್ನೆಗಳನ್ನು ಮತ್ತೆ ತುಂಬುತ್ತದೆ. ಡಬ್ಬ ಪುನಃ ಕಂಬಳಿ ಹೊದ್ದು ಬಸ್ ಹತ್ತಿತು.

ಸಿಡಿ ತಂದ ದಿನ ಚಂದ್ರಶೇಖರಪ್ಪನವರೂ ಬಂದರು. ಒಳಗೆ ಬರದೆ ಬಾಗಿಲಲ್ಲೇ ನಿಂತರು. ಕಂಪನಿಯ ಹೆಸರು ಬಂತು, ಪರದೆ ಕಪ್ಪಾಯಿತು. ಆಮೇಲೆ ಕಾರುಗಳು ಸಾಲಾಗಿ ಬಂದು ನಿಂತವು.

ಗಂಗಾಶ್ರೀ ನಗಲಿಲ್ಲ. ಬೆಂಚಿನ ಮೇಲಿದ್ದವರನ್ನು ಎಬ್ಬಿಸಿ, ಬೆಂಚನ್ನು ಹೊರಗೆ ಕಟ್ಟೆಯ ಮೇಲಿಟ್ಟಳು. ನನ್ನ ಅಂಗಡಿಗೆ ಬಂದು ಕುರ್ಚಿ ಎತ್ತಿಕೊಂಡಳು. ಕಣ್ಣು ತುಂಬಿತ್ತು.

"ಜಾಗ ಇಲ್ಲ ಅಂದಿದ್ದು ನನ್ನ ತಪ್ಪು, ಅಪ್ಪಾಜಿ. ಒಳಗೆ ಬರ್ರಿ."

ಅವಳು ಕುರ್ಚಿಯನ್ನು ಹಳೆಯ ಮೂಲೆಯಲ್ಲೇ, ಮೊದಲಿದ್ದ ಜಾಗಕ್ಕಿಂತ ಒಂದು ಗೇಣು ಆಚೆ ಇಟ್ಟಿದ್ದಳು. ಅದರ ನಾಲ್ಕು ಕಾಲಿನ ಗುರುತು ಸಿಮೆಂಟಿನ ಮೇಲೆ ಇನ್ನೂ ಇತ್ತು. ಚಂದ್ರಶೇಖರಪ್ಪನವರು ಬಗ್ಗಿ ನೋಡಿ, ಕುರ್ಚಿಯನ್ನು ಸರಿಯಾಗಿ ಆ ಗುರುತಿನ ಮೇಲೆ ಜರುಗಿಸಿ ಕೂತರು. ಆಮೇಲೆ ನನ್ನ ಕಡೆ ಕೈಚಾಚಿ ಪೇಪರ್ ಕೇಳಿದರು.