ಮೆನ್ನಾ ಆಂಟಿ ಬೀಗ ಹಾಕಿದ ಕೋಣೆ

ನಮ್ಮ ಕಣಿವೆಯ ಹೆಂಗಸರು ಬೆಳಿಗ್ಗೆ ಎದ್ದು ಹೊಸ್ತಿಲ ಕಲ್ಲು ಉಜ್ಜುವುದನ್ನು ಬಿಟ್ಟು ಎಷ್ಟೋ ಕಾಲವಾಯಿತು. ನಾನಂತೂ ಶುರುವೇ ಮಾಡಲಿಲ್ಲ. ಪಕ್ಕದ ಮನೆಯ ಮೆನ್ನಾ ಆಂಟಿ ಮಾತ್ರ ಎಪ್ಪತ್ತು ದಾಟಿದ ಮೇಲೂ ಮಂಡಿಯೂರಿ ಉಜ್ಜುತ್ತಾರೆ, ಉಜ್ಜುತ್ತ ನನ್ನ ಕಲ್ಲಿನ ಕಡೆ ನೋಡಿ ಮೂಗು ಮುರಿಯುತ್ತಾರೆ. ಕಲ್ಲಿದ್ದಲು ಗಣಿಯವರಿಗೆಂದು ಒಂದಕ್ಕೊಂದು ಅಂಟಿಸಿ ಕಟ್ಟಿದ ಮನೆಗಳಿವು. ನನಗೂ ಅವರಿಗೂ ನಡುವೆ ಒಂದೇ ಗೋಡೆ. ಅವರು ಬೈಯುವುದೆಲ್ಲ ನನಗೆ ಕೇಳಿಸುತ್ತದೆ.

ಬೈಗುಳ ಹೆಚ್ಚಾಗಿ ತೀರಿಹೋದ ಗಂಡನಿಗೆ. ಎಮ್ಲಿನ್ ಅಂಕಲ್‌ಗೆ ಪಂದ್ಯದ ಪಾರಿವಾಳಗಳ ಹುಚ್ಚು. ಅವರು ಹೋದ ದಿನವೇ ಆಂಟಿ ಅವರ ಪಾರಿವಾಳದ ಬುಟ್ಟಿ, ಕೋಟು, ಪಂದ್ಯದ ಗಡಿಯಾರ ಎಲ್ಲವನ್ನೂ ಮಹಡಿಯ ಹಿಂದಿನ ಕೋಣೆಗೆ ತಳ್ಳಿ ಬೀಗ ಜಡಿದರು. ಲೋಕದಲ್ಲಿ ಆಂಟಿ ಗುಡಿಸದ ಜಾಗ ಅದೊಂದೇ.

ಕಳೆದ ಚಳಿಗಾಲದ ಆರಂಭದಲ್ಲಿ ಮನೆಯ ಮಾಲೀಕ ಹೇಡನ್ ಬಂದ. ಆಂಟಿ ಎತ್ತಿ ಆಡಿಸಿದ ಹುಡುಗ, ಕೆಟ್ಟವನೇನಲ್ಲ.

"ಏನೂ ಮಾಡೋಕಾಗಲ್ಲ ಆಂಟಿ. ಮನೆಗೆ ಎಫ್ ಬಂದಿದೆ. ಎಫ್ ಬಂದ ಮನೇನ ಬಾಡಿಗೆಗೆ ಇಡೋ ಹಾಗಿಲ್ಲ ಅಂತ ಕಾನೂನು. ಸರಿ ಮಾಡಿಸೋ ಶಕ್ತಿ ನಂಗಿಲ್ಲ. ಮಾರಿಬಿಡ್ತೀನಿ."

"ಎಫ್ಫಾ? ನಾನ್ಯಾವ ಪರೀಕ್ಷೆ ಬರ್ದಿದ್ದೆನೋ?"

ಮದುವೆಯಾಗಿ ಬಂದಾಗಿನಿಂದ ಇದ್ದ ಮನೆ. ಅದನ್ನು ಬಿಡಬೇಕು ಎಂಬ ಮಾತು ಗೋಡೆಯಾಚೆಯಿಂದ ಕೇಳಿ ನಾನು ಕೈಲಿದ್ದ ಕೆಲಸ ಬಿಟ್ಟು ನಿಂತೆ. ಆಂಟಿ ಮಾತ್ರ ಅಳಲಿಲ್ಲ, ನೆಟ್ಟಗೆ ನನ್ನ ಅಡುಗೆಮನೆಗೆ ಬಂದು ಕುಳಿತರು. "ನೆಸ್ಟಾ, ಆ ಎಫ್ ಎಲ್ಲಿದೆ ತೋರ್ಸು."

ಅದೇನೂ ಗುಟ್ಟಿನ ವಿಷಯವಲ್ಲ. ಸರ್ಕಾರದ ತಾಣಕ್ಕೆ ಹೋಗಿ ಪಿನ್‌ಕೋಡ್ ಒತ್ತಿದರೆ ಬೀದಿಯಲ್ಲಿ ಸರ್ಟಿಫಿಕೇಟ್ ಇರುವ ಮನೆಗಳೆಲ್ಲ ಸಾಲಾಗಿ ಬರುತ್ತವೆ. ಮನೆ ಬೆಚ್ಚಗಿಡಲು ಎಷ್ಟು ಇಂಧನ ಬೇಕು ಎಂದು ಅಳೆದು ಅಕ್ಷರ ಕೊಡುತ್ತಾರೆ. ಎ ಬಂದರೆ ಎಲ್ಲಕ್ಕಿಂತ ಮೇಲು, ಜಿ ಬಂದರೆ ಎಲ್ಲಕ್ಕಿಂತ ಕೆಳಗೆ. ಬಾಡಿಗೆ ಮನೆಗೆ ಇ ಆದರೂ ಬೇಕು. ನನ್ನ ಮನೆಗೆ ಡಿ ಇತ್ತು, ಅದರ ಕೆಳಗೇ ಅವರದಕ್ಕೆ ಎಫ್.

"ಅದೇ ಗೋಡೆ, ಅದೇ ಚಾವಣಿ! ನಿನ್ನ ಕೊಳಕು ಹೊಸ್ತಿಲಿಗೆ ಡಿ, ನಂಗೆ ಎಫ್ಫಾ?"

"ಹೊಸ್ತಿಲಿಗೆ ಮಾರ್ಕ್ಸ್ ಇಲ್ಲ ಆಂಟಿ."

ಎಲ್ಲರೂ ಬಣ್ಣದ ಪಟ್ಟಿ ನೋಡಿ ಮುಚ್ಚಿಬಿಡುತ್ತಾರೆ. ನಾನು ಕೆಳಗಿನದನ್ನು ಓದಿದೆ. ಅಟ್ಟದಲ್ಲಿ ಶಾಖ ತಡೆಯುವ ಹಾಸು ಇಲ್ಲ, ಊಹೆ ಎಂದು ಬರೆದಿತ್ತು. ಬಿಸಿನೀರಿನ ಟ್ಯಾಂಕಿಗೆ ಹೊದಿಕೆ ಇಲ್ಲ, ಊಹೆ.

ಆಂಟಿ ಮೇಜು ಗುದ್ದಿದರು. "ಇಲ್ವಂತಾ? ಎಮ್ಲಿನ್ ಕೈಯಾರೆ ಹಾಸಿದ್ದಾನೆ! ಅಳೆಯೋಕೆ ಬಂದಿದ್ದ ಆ ಮನುಷ್ಯನಿಗೆ ಕಣ್ಣಿರಲಿಲ್ವಾ?"

"ಅಟ್ಟಕ್ಕೆ ಹತ್ತೋ ದಾರಿ ಎಲ್ಲಿದೆ?"

ಆಂಟಿ ನನ್ನ ಮೇಜಿನ ಮೇಲಿದ್ದ ಬ್ರೆಡ್ಡಿನ ಚೂರುಗಳನ್ನು ಬೆರಳಿಂದ ಒಟ್ಟುಮಾಡಿದರು.

"ಹಿಂದಿನ ಕೋಣೇಲಿ," ಅಂದರು ಕೊನೆಗೆ. "ಟ್ಯಾಂಕೂ ಅಲ್ಲೇ. ಕೀಲಿ ಕಳೆದುಹೋಗಿದೆ ಅಂದ್ಬಿಟ್ಟೆ. ಆ ಧೂಳನ್ನ ಪರಗಂಡಸು ನೋಡ್ಬೇಕಾ? ಊರೆಲ್ಲ ಸಾರಿಕೊಂಡು ಬರಲ್ವಾ?"

ನನಗೆ ಸಿಟ್ಟು ನೆತ್ತಿಗೇರಿತು. "ಧೂಳಿನ ನಾಚಿಕೆಗೆ ಮನೇನೇ ಬಿಟ್ಟು ಹೋಗ್ತೀರಾ?"

"ಧೂಳು ಮಾತ್ರ ಅಲ್ಲ ಕಣೇ ಅಲ್ಲಿರೋದು," ಎಂದು ಎದ್ದು ಹೋದರು.

ಆಮೇಲೆ ಗೋಡೆಯಾಚೆ ಬೈಗುಳವೂ ಇಲ್ಲ. ಅದನ್ನು ನನ್ನಿಂದ ತಡೆಯಲಾಗಲಿಲ್ಲ. ಒಂದು ಶನಿವಾರ ಬೆಳಿಗ್ಗೆ ಇದ್ದಕ್ಕಿದ್ದಂತೆ ಧೂಳು ಹೀರುವ ಯಂತ್ರ ಗುಂಯ್ ಅಂದಿತು, ಏನೋ ದಬ್ಬೆಂದು ಬಿತ್ತು, ಎಮ್ಲಿನ್ ಅಂಕಲ್‌ಗೆ ಬೈಗುಳ ಶುರುವಾಯಿತು. ಓಡಿಹೋದೆ.

"ಬಂದ್ಯಾ? ಕಾಲೊರೆಸ್ಕೊಂಡು ಬಾ."

ಇಬ್ಬರೂ ಸೇರಿ ಬುಟ್ಟಿಗಳನ್ನು ಇಳಿಸಿದೆವು. ಒಂದು ಕೋಟಿನ ಜೇಬಿನಲ್ಲಿ ಪಾರಿವಾಳದ ಕಾಳು ಸಿಕ್ಕಿತು. ಆಂಟಿ ಅದನ್ನು ಎಸೆಯಲಿಲ್ಲ, ಮತ್ತೆ ಜೇಬಿಗೇ ಹಾಕಿದರು. ಹೇಡನ್‌ಗೆ ಫೋನ್ ಮಾಡಿ ಇನ್ನೊಂದು ಸಲ ಅಳೆಸಲು ಒಪ್ಪಿಸಿದೆ.

ಮೊದಲು ಬಂದಿದ್ದ ಗೆಥಿನ್ ಎಂಬಾತನೇ ಬಂದ. ಆಂಟಿ ಹೊಸ್ತಿಲಲ್ಲೇ ತರಾಟೆಗೆ ತೆಗೆದುಕೊಂಡರು. ಅವನು ನಗುತ್ತಲೇ ಹೇಳಿದ, "ಕಣ್ಣಿಗೆ ಕಾಣ್ದೇ ಇರೋದನ್ನ ಇದೆ ಅಂತ ಬರೆಯೋ ಹಾಗಿಲ್ಲ ಅಮ್ಮಾ. ಹಳೇ ಮನೆ ಅಂದ್ರೆ ಇಲ್ಲ ಅಂತಲೇ ಊಹೆ."

ಏಣಿ ಹತ್ತಿ ಅಟ್ಟಕ್ಕೆ ತಲೆ ತೂರಿಸಿದ. ಫೋಟೋ ತೆಗೆದ. ಮೇಲಿನಿಂದಲೇ ಕೂಗಿದ, "ಕೈ ಇಟ್ರೆ ಮೊಣಕೈವರೆಗೂ ಮುಳುಗ್ತದೆ! ಮೂಲೆಮೂಲೆಗೂ ಹಾಸಿದ್ದಾರೆ. ಯಾರ ಕೆಲಸ ಇದು?"

ಆಂಟಿ ಏಣಿಯ ಕಾಲು ಹಿಡಿದು ನಿಂತಿದ್ದರು. "ನಮ್ಮೋರದ್ದು," ಅಂದರು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, "ಕೆಳಗೆ ಬಂದಾಗ ಮೈಯೆಲ್ಲ ಕೆರ್ಕೊಳ್ತಿದ್ದ. ಹಾಸಿದ್ದು ಗಾಜಿನ ಉಣ್ಣೆ ಅಲ್ವಾ, ಚುಚ್ಚುತ್ತೆ. ಜಮಖಾನೆ ಮೇಲೆಲ್ಲ ಉದುರಿಸ್ತೀಯಾ ಅಂತ ವಾರಪೂರ್ತಿ ಬೈದೆ. ಒಳ್ಳೇ ಮಾತು ಒಂದೂ ಆಡ್ಲಿಲ್ಲ ಕಣೇ ನೆಸ್ಟಾ."

ನನಗೆ ಕಣ್ಣು ತುಂಬಿ ಬಂತು. ಅವರಿಗೆ ಕಾಣದಂತೆ ಟ್ಯಾಂಕಿನ ಹೊದಿಕೆ ನೋಡುವವಳಂತೆ ತಿರುಗಿಕೊಂಡೆ.

ಮುಂದಿನ ವಾರ ಇ ಬಂತು. ಹೇಡನ್ ಮಾರುವ ಮಾತು ಬಿಟ್ಟ, ಅವನ ದನಿಯಲ್ಲೂ ನಿರಾಳ. ಆಂಟಿ ಮಾತ್ರ ಮುಖ ಸಿಂಡರಿಸಿದರು. "ನಿಂಗೆ ಡಿ, ನಂಗೆ ಬರೀ ಇ?" ಸರ್ಟಿಫಿಕೇಟಿನ ಕೊನೆಯಲ್ಲಿ ಇನ್ನೂ ಏನೇನು ಮಾಡಿಸಬಹುದು ಎಂದು ಬರೆದಿದ್ದನ್ನು ನನ್ನಿಂದ ಎರಡು ಸಲ ಓದಿಸಿಕೊಂಡರು. ಹೇಡನ್‌ಗೆ ಇನ್ನು ನೆಮ್ಮದಿಯಿಲ್ಲ.

ಹಿಂದಿನ ಕೋಣೆಗೆ ಈಗ ಬೀಗವಿಲ್ಲ. ಆಂಟಿ ಅಲ್ಲೇ ಕುರ್ಚಿ ಹಾಕಿಕೊಂಡು ಹೆಣೆಯುತ್ತಾರೆ. ಮೊನ್ನೆ ಹಿಮ ಬಿದ್ದ ಬೆಳಿಗ್ಗೆ ಗೋಡೆಯಾಚೆಯಿಂದ ದನಿ ಕೇಳಿಸಿತು. ಯಥಾಪ್ರಕಾರ ಬೈಗುಳವೆಂದುಕೊಂಡು ಕಿವಿಗೊಟ್ಟೆ.

"ಬೆಚ್ಚಗಿದೆ ಕಣೋ ಎಮ್ಲಿನ್," ಎನ್ನುತ್ತಿದ್ದರು.