ಕರೆಂಟು ಹೋದ ಹೊತ್ತು

ಕರೆಂಟು ಹೋದೊಡನೆ ಪೇಟೆಯವರೆಲ್ಲ ಹಣೆ ಚಚ್ಚಿಕೊಳ್ಳುವಾಗ ಒಳಗೊಳಗೇ ಹಿಗ್ಗುವ ಪ್ರಾಣಿ ಇಡೀ ಅಜ್ಜಂಪುರಕ್ಕೆ ನಾನೊಬ್ಬನೇ ಇರಬೇಕು. ಹಿಟ್ಟಿನ ಗಿರಣಿಯಲ್ಲಿ ದುಡಿಯುವವನು ಹೀಗೆ ಹಿಗ್ಗುವುದು ಉಂಡ ಮನೆಗೆ ಎರಡು ಬಗೆದಂತೆ ಎಂದು ನೀವು ಗದರಬಹುದು. ಆದರೆ ಸ್ವಾಮಿ, ನಾನು ಕಥೆ ಬರೆಯುವವನೂ ಹೌದು. ಬೆಲ್ಟು ತಿರುಗುವವರೆಗೆ ರಾಗಿ, ಗೋಧಿ, ಜೋಳ. ಅದು ನಿಂತಮೇಲೆಯೇ ಸಾಹಿತ್ಯ.

ಈ ದುರಭ್ಯಾಸಕ್ಕೆ ನನಗೊಬ್ಬ ಅಮೆರಿಕದ ಗುರುವಿದ್ದಾನೆ. ತರೀಕೆರೆ ಬಸ್‌ಸ್ಟ್ಯಾಂಡಿನ ಹತ್ತಿರ ಹಳೇ ಪುಸ್ತಕದಂಗಡಿಯಲ್ಲಿ ಸಿಕ್ಕ, ರಟ್ಟು ಕಳಚಿಹೋಗಿದ್ದ ಕನ್ನಡ ಅನುವಾದವೊಂದರ ಮುನ್ನುಡಿಯಲ್ಲಿ ಅವನ ಪರಿಚಯವಾಯಿತು. ಬಾಟಲಿ ತೊಳೆಯುವ ಕಾರ್ಖಾನೆಯಲ್ಲಿ ಆಯುಷ್ಯ ಸವೆಸಿದ ಆತ, ಯಂತ್ರ ಕೆಟ್ಟು ನಿಂತಾಗ ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಬರೆಯುತ್ತಿದ್ದನಂತೆ. ಮನೆಯಲ್ಲಿ ಮಕ್ಕಳ ಗಲಾಟೆ, ಮೇಜಿಗೆ ಜಾಗವಿಲ್ಲ. ಕಾದಂಬರಿಯೊಂದರ ಹಂಬಲವಿದ್ದೂ, ಅಷ್ಟು ದೀರ್ಘಕಾಲ ಯಂತ್ರ ಎಂದೂ ಕೆಡದೆ, ಸಣ್ಣಕಥೆಗಳನ್ನಷ್ಟೇ ಬರೆದು ತೀರಿಕೊಂಡ. ಅದನ್ನು ಓದಿದಾಗ ಕಂಡರಿಯದ ಆ ಮನುಷ್ಯ ನನ್ನ ಒಡಹುಟ್ಟಿದವನೆನಿಸಿದ. ನಾನೂ ಸಣ್ಣಕಥೆಗಾರನಾದದ್ದು ಪ್ರತಿಭೆಯಿಂದಲ್ಲ, ಕರೆಂಟು ಬೇಗ ಬಂದುಬಿಡುತ್ತಿದ್ದುದರಿಂದ.

ಹಿಂದೆಲ್ಲ ಬೆಲ್ಟು ನಿಂತರೆ ಜನ ತಮ್ಮ ಡಬ್ಬಗಳನ್ನು ಸರದಿಗಿಟ್ಟು ಜಗಲಿಯಲ್ಲಿ ಕೂರುತ್ತಿದ್ದರು. ಬರೆದಷ್ಟನ್ನು ಅವರಿಗೆ ಓದಿ ಹೇಳುತ್ತಿದ್ದೆ. ಎದ್ದು ಹೋಗಲಾರದ ಶ್ರೋತೃಗಳು ಯಾವ ಮಹಾಕವಿಗೆ ಸಿಕ್ಕಾರು? ಪಂಚನಹಳ್ಳಿಗೆ ಕೊಟ್ಟ ಹುಡುಗಿಯೊಬ್ಬಳು ಗಂಡನೊಡನೆ ಮುನಿಸಿಕೊಂಡು, ತವರಿಗೋ ವಾಪಸ್ಸೋ ತಿಳಿಯದೆ ಕಡೂರು ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದಾಳೆ ಎನ್ನುವಲ್ಲಿಗೆ ಒಂದು ಕಥೆ ಬಂದಿತ್ತು. ಅಷ್ಟರಲ್ಲಿ ಮಾಲೀಕರು ಜನರೇಟರ್ ತಂದರು. ಅಲ್ಲಿಂದೀಚೆಗೆ ಬೆಲ್ಟು ನಿಲ್ಲಲಿಲ್ಲ, ಆ ಹುಡುಗಿ ಅಲ್ಲಿಂದ ಕದಲಲಿಲ್ಲ.

ಮನೆಯಲ್ಲಿ ಬರೆಯಬಾರದೇ ಎನ್ನುವಿರಿ. ಕೂತದ್ದುಂಟು, ಮುಖದ ಹಿಟ್ಟು ತೊಳೆದು ಪೆನ್ನು ಹಿಡಿಯುವಷ್ಟರಲ್ಲಿ ನಿದ್ರಾದೇವಿ ಸರಸ್ವತಿಯನ್ನು ಆಚೆ ದಬ್ಬುತ್ತಾಳೆ. ಯಂತ್ರ ನಿಂತೊಡನೆ ಗಿರಣಿಯೊಳಗೆ ಇಳಿಯುತ್ತಿದ್ದ ಆ ಮೌನ, ಹಿಟ್ಟಿನ ಬೆಚ್ಚಗಿನ ವಾಸನೆ, ಜಗಲಿಯಲ್ಲಿ ಯಾರೋ 'ಆಮೇಲೆ?' ಎನ್ನುವುದು, ಇವು ನನಗೆ ಇನ್ನೊಮ್ಮೆ ಬೇಕು. ಹೇಳಿಕೊಳ್ಳಲು ನಾಚಿಕೆಯಾಗುವಷ್ಟು ಬೇಕು.

ಮೊನ್ನೆ ಮಧ್ಯಾಹ್ನ ಕರೆಂಟು ಹೋಯಿತು. ಮಾಲೀಕರು ಊರಲ್ಲಿರಲಿಲ್ಲ. ಅಭ್ಯಾಸಬಲದಿಂದ ಜನರೇಟರಿನತ್ತ ಹೊರಟೆ. ಕೌದಿ ಹೊಲಿಯುವ ನೂರಮ್ಮ ರಾಗಿ ಡಬ್ಬ ಕೆಳಗಿಟ್ಟು ತಡೆದರು.

"ಅದನ್ನ ಹಾಕ್ಬೇಡ ಕಣಪ್ಪಾ. ಕಡೂರಲ್ಲಿ ನಿಲ್ಲಿಸ್ಬಿಟ್ಯಲ್ಲ ಆ ಹುಡ್ಗಿನ, ಯಾವ್ ಬಸ್ ಹತ್ತಿದ್ಲು?"

"ಇನ್ನೂ ಬರ್ದಿಲ್ಲ ನೂರಮ್ಮ."

"ಪಾಪ, ಎಷ್ಟು ದಿನ ಅಂತ ನಿಂತಿರ್ತಾಳೆ? ರಾಗಿ ಆಮೇಲ್ ಬೀಸಿದ್ರಾಯ್ತು. ನೀ ಬರಿ, ನಾ ಕೂತ್ಕತೀನಿ."

ಅವರು ಜಗಲಿಯಲ್ಲಿ ಕಾಲು ಚಾಚಿ ಕೂತರು. ಕಾರ್ಖಾನೆಯಲ್ಲಿ ಆ ಅಮೆರಿಕದವನಿಗಾಗಿ ಹೀಗೆ ಯಾರಾದರೂ ಕಾದರೋ ಇಲ್ಲವೋ, ಮುನ್ನುಡಿ ಹೇಳುವುದಿಲ್ಲ. ನಾನು ಕೈ ಒರೆಸಿಕೊಂಡು ನೂರಮ್ಮನ ಡಬ್ಬದ ಮುಚ್ಚಳದ ಮೇಲೆ ಕಾಗದ ಹರಡಿದೆ. ಕರೆಂಟು ಬಾರದಿರಲೆಂದು ಬೇಡಿಕೊಳ್ಳುವವರು ಆವತ್ತು ಅಜ್ಜಂಪುರದಲ್ಲಿ ಇಬ್ಬರಿದ್ದೆವು.